ಮಳೆಗಾಲದ ಮಲೆನಾಡಿನಲ್ಲಿ ಭಯದ ಕಥೆಗಳ ಓದು: ಗಾಥಿಕ್ ಸಾಹಿತ್ಯಕ್ಕೆ ಒಂದು ಮಾರ್ಗದರ್ಶಿ

ಭಯದ ಕಥೆಗಳನ್ನು ಇಷ್ಟಪಡುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಅವುಗಳ ಹಿಂದೆ ಎರಡೂವರೆ ಶತಮಾನಗಳ ಒಂದು ಪರಂಪರೆ ಇದೆಯೆಂದು ತಿಳಿದು, ಕ್ರಮವಾಗಿ ಓದುವವರು ಕಡಿಮೆ. ಸಿನಿಮಾದಲ್ಲಿ ಬಾಗಿಲು ಕಿರ್ರೆಂದಾಗ ಬೆಚ್ಚಿಬೀಳುವ ಸುಖವೇ ಬೇರೆ. ಹಳೆಯ ಕಥೆಯೊಂದನ್ನು ಮುಗಿಸಿ ದೀಪ ಆರಿಸಲೆಂದು ಎದ್ದಾಗ, ಹುಟ್ಟಿದಂದಿನಿಂದ ಓಡಾಡಿದ ನಡುಮನೆಯೇ ಹೊಸದಾಗಿ ಕಾಣುವ ಅನುಭವವೇ ಬೇರೆ. ಈ ಎರಡನೆಯದನ್ನು ಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕಡೆಯವರಿಗೆ ಗಾಥಿಕ್ ಸಾಹಿತ್ಯ ಬೇಗ ಒಲಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆ ಸಾಹಿತ್ಯದ ಕೇಂದ್ರದಲ್ಲಿ ಇರುವುದು ದೆವ್ವಕ್ಕಿಂತ ಹೆಚ್ಚಾಗಿ ಮನೆ. ತನ್ನೊಳಗೆ ನಡೆದುದನ್ನು ಮರೆಯದ ಹಳೆಯ ಮನೆ, ಅದರ ಸುತ್ತ ಬಿಡದ ಮಳೆ, ಆಚೆ ಕಾಡು. ಇವು ಮೂರನ್ನೂ ನಾವು ಊಹಿಸಿಕೊಳ್ಳಬೇಕಾಗಿಲ್ಲ.

ಪರಂಪರೆಯ ಪರಿಚಯ ಮೊದಲು

ಓದಲು ತೊಡಗುವ ಮುನ್ನ ಈ ಬಗೆಯ ಕಥೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. 1764ರ ಡಿಸೆಂಬರಿನಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷ್ ಲೇಖಕ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಕಾದಂಬರಿಯನ್ನು, ತನ್ನ ಹೆಸರನ್ನು ಮರೆಮಾಡಿ, ಹಳೆಯ ಇಟಾಲಿಯನ್ ಕೃತಿಯೊಂದರ ಅನುವಾದವೆಂದು ಹೇಳಿ ಪ್ರಕಟಿಸಿದ. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದು ತನ್ನದೇ ರಚನೆಯೆಂದು ಒಪ್ಪಿಕೊಂಡು, ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆಯನ್ನೂ ಸೇರಿಸಿದ. ಹಿರಿಯರು ಅನ್ಯಾಯದಿಂದ ಕಿತ್ತುಕೊಂಡ ಒಂದು ಕೋಟೆ. ಆ ವಂಶದ ಕುಡಿ ಮದುವೆಯ ದಿನವೇ ಎಲ್ಲಿಂದಲೋ ಬಂದು ಬಿದ್ದ ದೈತ್ಯಾಕಾರದ ಶಿರಸ್ತ್ರಾಣದ ಅಡಿಯಲ್ಲಿ ಸಿಕ್ಕಿ ಸಾಯುತ್ತಾನೆ. ಹಿರಿಯರ ಪಾಪವನ್ನು ಕಿರಿಯರು ತೀರಿಸುವ ಈ ಕಥೆಯಿಂದಲೇ ಪರಂಪರೆ ಆರಂಭವಾಗುತ್ತದೆ. ಅದಕ್ಕೆ ಒಂದು ವರ್ಷ ಮೊದಲು, 1763ರಲ್ಲಿ, ಹೈದರ್ ಅಲಿಯ ಸೈನ್ಯ ಬಿದನೂರನ್ನು (ಇಂದು ನಗರ ಎಂದು ಕರೆಯುವ ಊರು) ಹಿಡಿದು ಕೆಳದಿಯ ಅರಸೊತ್ತಿಗೆ ಕೊನೆಗೊಂಡಿತ್ತು. ಇಂಗ್ಲೆಂಡಿನಲ್ಲಿ ಪಾಳುಕೋಟೆಯ ಕಥೆ ಹುಟ್ಟುತ್ತಿದ್ದ ಹೊತ್ತಿಗೆ ಹೊಸನಗರ ತಾಲ್ಲೂಕಿನ ಒಂದು ರಾಜಧಾನಿ ನಿಜವಾಗಿಯೇ ಪಾಳುಬೀಳುವ ಹಾದಿ ಹಿಡಿದಿತ್ತು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ; ಆದರೂ ನಗರದ ಕೋಟೆಯನ್ನು ಬಲ್ಲವರು ಆ ಕಾದಂಬರಿಯ ಪುಟ ತೆರೆದಾಗ ಈ ಕಾಲಸಾಮ್ಯವನ್ನು ನೆನೆಯದೆ ಇರಲಾರರು.

ಕಥೆಯೊಂದನ್ನು ಗಾಥಿಕ್ ಎಂದು ಗುರುತಿಸಲು ಕೆಲವು ಲಕ್ಷಣಗಳನ್ನು ಗಮನಿಸಿದರೆ ಸಾಕು. ಬಿಟ್ಟುಹೋಗಲಾರದ ಒಂದು ಕಟ್ಟಡ ಇರುತ್ತದೆ. ಮುಗಿಯಿತೆಂದು ಎಲ್ಲರೂ ಭಾವಿಸಿದ, ಆದರೆ ಮುಗಿಯದ ಹಳೆಯ ಅಪರಾಧವೊಂದು ಇರುತ್ತದೆ. ಬೀಗ ಹಾಕಿದ ಕೋಣೆಯಲ್ಲೋ ಕಾಗದದಲ್ಲೋ ಕಲ್ಲಿನ ಕೆಳಗೋ ಬಚ್ಚಿಟ್ಟ ಗುಟ್ಟೊಂದು ಇರುತ್ತದೆ. ಬಹುತೇಕ ಕಥೆಗಳಲ್ಲಿ, ತಾನು ಕಂಡದ್ದನ್ನು ಹೇಳಿದರೂ ಯಾರೂ ನಂಬದ ವ್ಯಕ್ತಿಯೊಬ್ಬರು, ಹೆಚ್ಚಾಗಿ ಮನೆಯ ಹೆಣ್ಣುಮಗಳು, ಇರುತ್ತಾರೆ. ದೆವ್ವ ಕಾಣಿಸಿಕೊಳ್ಳಲೂಬಹುದು, ಕಾಣಿಸದೆಯೂ ಇರಬಹುದು.

ಇದರ ಜೊತೆಗೆ ತಿಳಿದಿರಬೇಕಾದ ಇನ್ನೊಂದು ವಿವೇಚನೆ ಇದೆ. ಆನ್ ರ‍್ಯಾಡ್‌ಕ್ಲಿಫ್ ಎಂಬ ಕಾದಂಬರಿಕಾರ್ತಿ, ಆಕೆಯ ಮರಣದ ನಂತರ 1826ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ, ಎರಡು ಬಗೆಯ ಭಯಗಳನ್ನು ಬೇರ್ಪಡಿಸುತ್ತಾಳೆ. ಒಂದು, ಇನ್ನೂ ಕಣ್ಣಿಗೆ ಬೀಳದ ಅಪಾಯದ ಮುಂದೆ ಮನಸ್ಸನ್ನು ವಿಸ್ತರಿಸಿ ಎಚ್ಚರಗೊಳಿಸುವ ಭಯ. ಇನ್ನೊಂದು, ಕಣ್ಣೆದುರಿನ ಭೀಕರತೆಯ ಮುಂದೆ ಮನಸ್ಸನ್ನು ಕುಗ್ಗಿಸಿ ಹೆಪ್ಪುಗಟ್ಟಿಸುವ ಭಯ. ನಮ್ಮ ಓದುಗರಿಗೆ ಇದು ಹೊಸತೆನಿಸಬೇಕಾಗಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಭಯಾನಕ ಮತ್ತು ಬೀಭತ್ಸ ಎರಡೂ ಪ್ರತ್ಯೇಕ ರಸಗಳು. ಮೊದಲನೆಯದಕ್ಕೆ ಸ್ಥಾಯಿಭಾವ, ಅಂದರೆ ಆಧಾರವಾದ ಭಾವ, ಭಯವಾದರೆ ಎರಡನೆಯದಕ್ಕೆ ಜುಗುಪ್ಸೆ. ರಕ್ತ, ಕೊಳೆತ ಹೆಣ, ಕತ್ತರಿಸಿದ ಅಂಗಾಂಗಗಳಿಂದಲೇ ನಡೆಯುವ ಕಥೆ ಬೀಭತ್ಸದ ಕಡೆಗೆ ವಾಲುತ್ತದೆ. ಅದಕ್ಕೂ ಓದುಗರಿದ್ದಾರೆ, ಇರಲಿ. ಆದರೆ ಹೊಸಬರು ಭಯಾನಕದಿಂದಲೇ ಆರಂಭಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬೀಭತ್ಸಕ್ಕೆ ಒಗ್ಗಿಹೋದ ಮನಸ್ಸಿಗೆ ಆಮೇಲೆ ಸೂಕ್ಷ್ಮವಾದ ಭಯ ತಾಗುವುದು ಕಷ್ಟ.

ಯಾವುದನ್ನು ಮೊದಲು ಓದಬೇಕು

ಕಾಲಾನುಕ್ರಮದಲ್ಲಿ ಓದಲು ಹೊರಡಬೇಡಿ. ‘ಒಟ್ರಾಂಟೊ’ ಪರಂಪರೆಯ ಮೂಲವಾದರೂ ಇಂದಿನ ಓದುಗರಿಗೆ ಅದರ ಘಟನೆಗಳು ಅವಸರದವೆಂದೂ ಮಾತುಗಳು ನಾಟಕೀಯವೆಂದೂ ತೋರಬಹುದು. ಹತ್ತಾರು ಕಥೆಗಳನ್ನು ಓದಿಯಾದ ಮೇಲೆ ಅದಕ್ಕೆ ಹಿಂದಿರುಗಿದರೆ ಬೀಜದಲ್ಲೇ ಇಡೀ ಮರವನ್ನು ಕಾಣುವ ಸಂತೋಷ ಸಿಗುತ್ತದೆ. ಒಂದೇ ಸಂಜೆಯಲ್ಲಿ ಮುಗಿಯುವ ಸಣ್ಣಕಥೆಗಳಿಂದ ಆರಂಭಿಸುವುದು ಒಳ್ಳೆಯದು.

ಮೊದಲನೆಯದಾಗಿ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ ‘ದಿ ಮಂಕೀಸ್ ಪಾ’ (1902) ಓದಿ. ಅದು ಸುಮಾರು ನಾಲ್ಕು ಸಾವಿರ ಪದಗಳ ಕಥೆ. ಮೂರು ವರಗಳನ್ನು ಕೊಡುವ ಒಣಗಿದ ಕೋತಿಯ ಪಂಜವೊಂದು ಭಾರತದಿಂದ ಹಿಂದಿರುಗಿದ ಸೈನಿಕನ ಮೂಲಕ ಇಂಗ್ಲೆಂಡಿನ ಒಂದು ಸಾಮಾನ್ಯ ಸಂಸಾರದ ಕೈಸೇರುತ್ತದೆ. ಅಲ್ಲಿ ಕೋಟೆಯಿಲ್ಲ, ರಾಜವಂಶವಿಲ್ಲ. ತಂದೆ, ತಾಯಿ, ಮಗ, ಒಂದು ಬಾಗಿಲು, ಅಷ್ಟೇ. ಭಯಾನಕ ರಸಕ್ಕೆ ಎಷ್ಟು ಕಡಿಮೆ ಸಾಮಗ್ರಿ ಸಾಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಥೆಯನ್ನು ನಾನು ಕಂಡಿಲ್ಲ.

ಎರಡನೆಯದಾಗಿ ಎಡ್ಗರ್ ಅಲನ್ ಪೋ ಬರೆದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ (1839). ಇದನ್ನು ಓದುವಾಗ ಒಂದು ವಿವರದ ಮೇಲೆ ಬೆರಳಿಟ್ಟುಕೊಳ್ಳಿ. ಕಥೆಯ ಆರಂಭದಲ್ಲಿ ನಿರೂಪಕ ಆ ಮನೆಯ ಮುಂದೆ ನಿಂತು ನೋಡುವಾಗ, ಸೂರಿನಿಂದ ಹೊರಟು ಗೋಡೆಯುದ್ದಕ್ಕೂ ಅಂಕುಡೊಂಕಾಗಿ ಇಳಿದು ಕೆರೆಯ ಕಪ್ಪು ನೀರಿನಲ್ಲಿ ಮರೆಯಾಗುವ, ಕಂಡೂ ಕಾಣದಂತಿರುವ ಒಂದು ಬಿರುಕನ್ನು ಗಮನಿಸುತ್ತಾನೆ. ಆಮೇಲೆ ಕಥೆ ಮನೆಯೊಳಗೆ ಹೋಗುತ್ತದೆ. ಕಾಯಿಲೆಯ ಅಣ್ಣ, ಕ್ಷೀಣಿಸುತ್ತಿರುವ ತಂಗಿ, ಸಂಗೀತ, ಪುಸ್ತಕಗಳು, ನೆಲಮಾಳಿಗೆ ಇವೆಲ್ಲ ಬರುತ್ತವೆ. ಬಿರುಕಿನ ಮಾತನ್ನು ಪೋ ಮತ್ತೆ ಎತ್ತುವುದು ಕೊನೆಯ ಪುಟದಲ್ಲಿ ಮಾತ್ರ. ಮಣ್ಣಿನ ಗೋಡೆಯಲ್ಲಿ ಆರಿದ್ರ ಮಳೆಗೆ ಮೂಡಿದ ಸೀಳು ಪುಷ್ಯ ಮಳೆಯ ಹೊತ್ತಿಗೆ ಎಷ್ಟು ಅಗಲವಾಯಿತೆಂದು ದಿನವೂ ನೋಡುತ್ತಾ ಬದುಕಿದ ಮನೆಗಳವರಿಗೆ ಈ ವಿವರ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಇದೇ ಲೇಖಕನ ‘ದಿ ಟೆಲ್-ಟೇಲ್ ಹಾರ್ಟ್’ (1843) ಇನ್ನೂ ಚಿಕ್ಕದು. ಬಿಡುವಿನ ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು.

ಆನಂತರ ರವೀಂದ್ರನಾಥ ಠಾಕೂರರ ‘ಕ್ಷುಧಿತ ಪಾಷಾಣ’ (1895) ಓದಲೇಬೇಕು. ಗಾಥಿಕ್ ಎಂಬುದು ಪಶ್ಚಿಮದವರ ಸ್ವತ್ತೆಂದು ತಿಳಿದವರಿಗೆ ಈ ಕಥೆಯೇ ಉತ್ತರ. ಹತ್ತಿಯ ಸುಂಕ ವಸೂಲಿಗೆ ಬಂದ ಅಧಿಕಾರಿಯೊಬ್ಬ ನದೀತೀರದ ಪಾಳು ಅರಮನೆಯಲ್ಲಿ ತಂಗುತ್ತಾನೆ. ಅಲ್ಲಿ ತಣಿಯದೆ ಉಳಿದ ಆಸೆಗಳೇ ಕಲ್ಲುಗಳಿಗೆ ಹಸಿವನ್ನು ಕಲಿಸಿವೆ. ಎಲ್ಲವೂ ಸುಳ್ಳು, ದೂರ ಹೋಗಿ ಎಂದು ಮುಂಜಾನೆ ಕೂಗುತ್ತಾ ಅರಮನೆಯನ್ನು ಸುತ್ತುವ ಹುಚ್ಚ ಮೆಹರ್ ಅಲಿಯನ್ನು ಒಮ್ಮೆ ಕೇಳಿದವರು ಮರೆಯಲಾರರು. ತರುಣ ರವೀಂದ್ರರು ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ಅಣ್ಣನೊಂದಿಗೆ ಉಳಿದಿದ್ದ ಅನುಭವ ಈ ಕಥೆಯ ಹಿಂದಿದೆ. ಅವರ ಕಥೆಗಳ ಕನ್ನಡ ಅನುವಾದಗಳು ಗ್ರಂಥಾಲಯಗಳಲ್ಲಿ ದೊರೆಯುತ್ತವೆ.

ಇಷ್ಟಾದ ಮೇಲೆ ಉದ್ದದ ಕೃತಿಗಳಿಗೆ ಹೋಗಬಹುದು. ಷೆರಿಡನ್ ಲೆ ಫಾನುವಿನ ‘ಕಾರ್ಮಿಲ್ಲಾ’ (1872) ಮೊದಲು, ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಆಮೇಲೆ. ಎರಡೂ ರಕ್ತ ಹೀರುವ ವ್ಯಾಂಪೈರಿನ ಕಥೆಗಳು; ಈ ಕ್ರಮದಲ್ಲಿ ಓದಿದರೆ ಎರಡನೆಯದು ಮೊದಲನೆಯದಕ್ಕೆ ಎಷ್ಟು ಋಣಿ ಎಂಬುದು ತಾನಾಗಿ ತಿಳಿಯುತ್ತದೆ. ‘ಡ್ರಾಕುಲಾ’ ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳ ರೂಪದಲ್ಲಿದೆ. ಆದ್ದರಿಂದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳುತ್ತಾ ಓದುವುದು ಅನುಕೂಲ. ಹೆನ್ರಿ ಜೇಮ್ಸನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898) ಗಾತ್ರದಲ್ಲಿ ಚಿಕ್ಕದಾದರೂ ವಾಕ್ಯಗಳು ಕಠಿಣ. ಅದನ್ನು ಎರಡನೆಯ ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಕನ್ನಡದ ಓದುಗರು ನಮ್ಮದೇ ಹಳೆಯ ಕಾವ್ಯಗಳ ಕಡೆಗೂ ಈ ಕಣ್ಣಿನಿಂದ ಒಮ್ಮೆ ನೋಡಬೇಕು. ಜನ್ನನ ‘ಯಶೋಧರ ಚರಿತೆ’ (1209) ಚಂಡಮಾರಿಯ ಗುಡಿಯಲ್ಲಿ ನರಬಲಿಗೆಂದು ಎಳೆತಂದ ಎಳೆಯ ಅಣ್ಣ ತಂಗಿಯರಿಂದ ಆರಂಭವಾಗುತ್ತದೆ. ಇರುಳಿನಲ್ಲಿ ಕೇಳಿಬಂದ ಮಾವುತನ ಹಾಡಿಗೆ ಮನಸೋತ ಅಮೃತಮತಿ, ಹಿಟ್ಟಿನ ಕೋಳಿಯ ಬಲಿ, ಆ ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರಗಳವರೆಗೆ ಬೆನ್ನಟ್ಟುವ ಕರ್ಮ ಎಲ್ಲವೂ ಅದರಲ್ಲಿವೆ. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಮರುಳುಗಳು ಅಣಕಿಸುವ ಭಾಗವನ್ನೂ ಓದಿ. ಇವುಗಳನ್ನು ಗಾಥಿಕ್ ಎಂದು ಕರೆಯುವುದು ಸರಿಯಲ್ಲ, ಅವು ಬೇರೆ ದರ್ಶನದಿಂದ ಹುಟ್ಟಿದವು. ಆದರೆ ಭಯಾನಕವನ್ನು ಕನ್ನಡ ಎಷ್ಟು ಸಮರ್ಥವಾಗಿ ಹೇಳಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಪುಸ್ತಕಗಳನ್ನು ಹೊಂದಿಸುವುದು, ಕಾಪಾಡುವುದು

ಮೇಲೆ ಹೇಳಿದ ಇಂಗ್ಲಿಷ್ ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳುವುದು ಜಾಣತನ. ಆದರೆ ಗಟ್ಟಿಯಾಗಿ ಓದುವ ಉದ್ದೇಶವಿದ್ದರೆ ಅಚ್ಚಾದ ಪ್ರತಿಯೋ, ಕನಿಷ್ಠ ಮುದ್ರಿಸಿಕೊಂಡ ಹಾಳೆಗಳೋ ಬೇಕು. ಮೊಬೈಲಿನ ಬೆಳಕು ಓದುವವರ ಮುಖವನ್ನು ಬೆಳಗಿ ಕೋಣೆಯ ಕತ್ತಲೆಯನ್ನು ಕೆಡಿಸುತ್ತದೆ.

ಮಲೆನಾಡಿನಲ್ಲಿ ಪುಸ್ತಕಕ್ಕೆ ಬೂಷ್ಟು ದೊಡ್ಡ ಶತ್ರು. ಕಪಾಟನ್ನು ಹೊರಗೋಡೆಗೆ ತಾಗಿಸದೆ, ಹಿಂದೆ ಗಾಳಿಯಾಡುವಷ್ಟು ಜಾಗ ಬಿಟ್ಟು ಇಡಬೇಕು. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬಾರದು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡುವುದಾದರೆ ಅವು ತೇವ ಹೀರಿಕೊಂಡ ಮೇಲೆ ಬದಲಾಯಿಸಬೇಕು, ಇಲ್ಲವಾದರೆ ಇಟ್ಟೂ ಪ್ರಯೋಜನವಿಲ್ಲ. ಬಿಸಿಲು ಕಂಡ ದಿನ ಪುಸ್ತಕಗಳನ್ನು ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹಾಳೆ ಬಿಡಿಸಿಟ್ಟು, ಒಣಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸಿ.

ಓದುಕೂಟ ನಡೆಸುವ ಬಗೆ

ಭಯದ ಕಥೆಯನ್ನು ಒಬ್ಬರೇ ಓದುವುದಕ್ಕಿಂತ ಒಬ್ಬರು ಓದಿ ಹಲವರು ಕೇಳುವುದು ಶ್ರೇಷ್ಠ. ಈ ಪರಂಪರೆಯ ಚರಿತ್ರೆಯೇ ಇದನ್ನು ಸಮರ್ಥಿಸುತ್ತದೆ. 1815ರ ಏಪ್ರಿಲಿನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿ, ಅದರ ಧೂಳು ಮತ್ತು ಅನಿಲಗಳು ವಾತಾವರಣದ ಮೇಲ್ಪದರವನ್ನು ಸೇರಿದ ಕಾರಣ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಆ ಚಳಿ ಮಳೆಯಲ್ಲಿ ಜಿನೀವಾ ಸರೋವರದ ದಡದ ವಿಲ್ಲಾ ಡಿಯೊಡಾಟಿಯಲ್ಲಿ ಹೊರಗೆ ಹೋಗಲಾರದೆ ಕುಳಿತ ಕವಿ ಬೈರನ್, ಪರ್ಸಿ ಶೆಲ್ಲಿ, ಹದಿನೆಂಟರ ಹರೆಯದ ಮೇರಿ ಮತ್ತು ವೈದ್ಯ ಪೊಲಿಡೋರಿ ಜರ್ಮನ್ ಮೂಲದ ದೆವ್ವದ ಕಥೆಗಳನ್ನು ಫ್ರೆಂಚ್ ಅನುವಾದದಲ್ಲಿ ಓದುತ್ತಿದ್ದರು. ನಾವೆಲ್ಲರೂ ಒಂದೊಂದು ಕಥೆ ಬರೆಯೋಣ ಎಂದು ಬೈರನ್ ಸೂಚಿಸಿದ. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ (1818) ಹುಟ್ಟಿದ್ದು ಹಾಗೆ. ಪೊಲಿಡೋರಿಯ ‘ದಿ ವ್ಯಾಂಪೈರ್’ (1819) ಕಥೆಯೂ ಅದೇ ಮಳೆಯ ಕೂಸು. ಮಳೆ ಹಿಡಿದು ಮನೆಯೊಳಗೆ ಸಿಕ್ಕಿಬಿದ್ದ ಕೆಲವರು ಒಟ್ಟಿಗೆ ಕುಳಿತು ಕೇಳಿದ ಕಥೆಗಳಿಂದ ಇಷ್ಟೆಲ್ಲ ಬೆಳೆಯಿತು. ಅವರಿಗೆ ಅದಕ್ಕೆ ಜ್ವಾಲಾಮುಖಿಯೊಂದು ಸಿಡಿಯಬೇಕಾಯಿತು. ಆಗುಂಬೆಯ ಸುತ್ತಮುತ್ತ ಆ ಮಳೆ ಪ್ರತಿ ವರ್ಷವೂ ಬರುತ್ತದೆ.

ಕೂಟಕ್ಕೆ ಐದರಿಂದ ಎಂಟು ಜನ ಸಾಕು. ನಾಟಿಯ ಕೆಲಸ, ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿ ನೋಡಿಕೊಂಡು ದಿನ ಗೊತ್ತುಮಾಡಿ. ಜಗಲಿ ಚೆನ್ನಾಗಿ ಕಂಡರೂ ಓದಲು ತಕ್ಕದ್ದಲ್ಲ, ಮಳೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ; ತಗಡಿನ ಮಾಡಿನ ಕೆಳಗಂತೂ ಸಾಧ್ಯವೇ ಇಲ್ಲ. ಹೆಂಚಿನ ಮಾಡಿನ ನಡುಮನೆ, ಅದರಲ್ಲೂ ಮೇಲೆ ಅಟ್ಟವಿರುವ ಕಡೆ, ಅತ್ಯುತ್ತಮ: ಮಳೆ ಕೇಳಿಸುತ್ತಿರುತ್ತದೆ, ಆದರೆ ಓದುವ ದನಿಯನ್ನು ನುಂಗುವುದಿಲ್ಲ. ಕೇಳುವವರು ಹೆಬ್ಬಾಗಿಲಿಗೆ ಬೆನ್ನುಮಾಡಿ ಕುಳಿತುಕೊಳ್ಳುವಂತೆ ಕಂಬಳಿ ಹಾಸಿ.

ಬೆಳಕು ಒಂದೇ ಇರಲಿ, ಅದು ಓದುವವರ ಪಕ್ಕದಲ್ಲಿರಲಿ. ಎಂ. ಆರ್. ಜೇಮ್ಸ್ ಎಂಬ ವಿದ್ವಾಂಸರು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ತಮ್ಮ ಕೊಠಡಿಯಲ್ಲಿ, ಕ್ರಿಸ್‌ಮಸ್ ಸಮಯದಲ್ಲಿ, ಸ್ನೇಹಿತರಿಗೆ ತಾವೇ ಬರೆದ ದೆವ್ವದ ಕಥೆಗಳನ್ನು ಓದಿ ಹೇಳುತ್ತಿದ್ದಾಗ ಒಂದನ್ನು ಬಿಟ್ಟು ಉಳಿದ ಮೇಣದ ಬತ್ತಿಗಳನ್ನೆಲ್ಲ ಆರಿಸುತ್ತಿದ್ದರಂತೆ. ಸೀಮೆಎಣ್ಣೆಯ ಲಾಟೀನು ಅಂದವಾದರೂ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಒಳ್ಳೆಯದಲ್ಲ. ಎಣ್ಣೆಯ ದೀಪ ಅಥವಾ ಹಳದಿ ಬೆಳಕಿನ ರೀಚಾರ್ಜ್ ದೀಪ ಸಾಕು. ಕರೆಂಟು ಹೋಗುವುದಕ್ಕಾಗಿ ಕಾಯಬೇಕಾಗಿಲ್ಲ, ಬರುವುದಕ್ಕೆ ಸಿದ್ಧರಾಗಿರಬೇಕು: ಸ್ವಿಚ್ಚುಗಳನ್ನೆಲ್ಲ ಮೊದಲೇ ಆರಿಸಿಡಿ, ಇಲ್ಲದಿದ್ದರೆ ಕಥೆಯ ತುದಿಯಲ್ಲಿ ಟ್ಯೂಬ್‌ಲೈಟ್ ಹೊತ್ತಿಕೊಂಡು ಎಲ್ಲವೂ ಹಾಳಾಗುತ್ತದೆ. ಹಲಸಿನ ಹಪ್ಪಳ, ಕಷಾಯ ಏನಿದ್ದರೂ ಓದಿಗೆ ಮೊದಲೇ ಮುಗಿಯಲಿ.

ಇಂಗ್ಲಿಷ್ ಕಥೆಯನ್ನು ಕನ್ನಡದಲ್ಲಿ ಹೇಳುವುದಾದರೆ ಮುಂಚಿತವಾಗಿ ಕನಿಷ್ಠ ಎರಡು ಸಲ ಓದಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಹೆಸರುಗಳನ್ನೂ ಊರುಗಳನ್ನೂ ಬದಲಾಯಿಸಬೇಡಿ. ಡ್ರಾಕುಲಾನ ನಾಡಾದ ಟ್ರಾನ್ಸಿಲ್ವೇನಿಯಾ ಟ್ರಾನ್ಸಿಲ್ವೇನಿಯಾ ಆಗಿಯೇ ಇರಲಿ, ಅದನ್ನು ಆಗುಂಬೆಗೆ ತರುವುದರಿಂದ ಎರಡೂ ಊರುಗಳಿಗೆ ನಷ್ಟ. ‘ಭಯಂಕರವಾದ’, ‘ಮೈ ಜುಮ್ಮೆನ್ನಿಸುವ’ ಎಂಬಂಥ ವಿಶೇಷಣಗಳನ್ನು ಮೂಲದಲ್ಲಿದ್ದರೂ ಕಡಿಮೆ ಮಾಡಿ. ದನಿಯನ್ನು ಏರಿಸುವುದಕ್ಕಿಂತ ತಗ್ಗಿಸುವುದೇ ಹೆಚ್ಚು ಪರಿಣಾಮಕಾರಿ. ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶವನ್ನು ನೆನೆದುಕೊಳ್ಳಿ: ಮೊದಲು ತೆರೆಯ ಹಿಂದಿನಿಂದ ಅಬ್ಬರ ಮಾತ್ರ, ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ಬಹಳ ಹೊತ್ತಿನ ಮೇಲೆ ಪೂರ್ಣ ವೇಷ. ಮರೆಯಲ್ಲಿರುವುದನ್ನು ಎಷ್ಟು ಹೊತ್ತು ಮರೆಯಲ್ಲಿಡಬೇಕೆಂಬ ಲೆಕ್ಕವನ್ನು ನಮ್ಮ ಮೇಳಗಳಷ್ಟು ಚೆನ್ನಾಗಿ ಬಲ್ಲವರು ವಿರಳ.

‘ದಿ ಮಂಕೀಸ್ ಪಾ’ ಕಥೆಯ ಮೂರನೆಯ ಭಾಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಗ ತೀರಿಹೋಗಿದ್ದಾನೆ; ತಾಯಿಯ ಹಟಕ್ಕೆ ಎರಡನೆಯ ವರವನ್ನು ಕೇಳಿಯಾಗಿದೆ. ನಡುರಾತ್ರಿ ಬಾಗಿಲು ತಟ್ಟಿದ ಸದ್ದು, ಮೊದಲ ಸಲ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಇಲ್ಲಿ ಓದುವವರು ನಿಲ್ಲಬೇಕು, ಮಳೆಯ ಸದ್ದು ಕೇಳಿಸುವಷ್ಟು ಹೊತ್ತು ನಿಲ್ಲಬೇಕು. ಆಮೇಲೆ ತಾಯಿ ಕೆಳಗೆ ಓಡುತ್ತಾಳೆ. ಸರಪಳಿ ಸರಿದ ಸದ್ದು, ಕೆಳಗಿನ ಅಗುಳಿ ಬಿಗಿಯಾಗಿದ್ದರೂ ಬಿಡಿಸಿಕೊಳ್ಳುತ್ತದೆ, ಮೇಲಿನದು ಅವಳ ಕೈಗೆ ಎಟುಕುವುದಿಲ್ಲ, ಕೆಳಗೆ ಬಾ ಎಂದು ಗಂಡನನ್ನು ಕೂಗುತ್ತಾಳೆ, ಕುರ್ಚಿಯನ್ನು ಎಳೆಯುತ್ತಾಳೆ. ಮೇಲಿನ ಕೋಣೆಯಲ್ಲಿ ಗಂಡ ಕತ್ತಲೆಯ ನೆಲದ ಮೇಲೆ ತೆವಳುತ್ತಾ ಪಂಜವನ್ನು ತಡಕುತ್ತಿದ್ದಾನೆ. ಈ ಭಾಗದಲ್ಲಿ ಲೇಖಕ ಒಂದೇ ಒಂದು ಭಯದ ಮಾತನ್ನೂ ಹೇಳಬೇಕಾಗಿಲ್ಲ. ಸರಪಳಿ, ಅಗುಳಿ, ಕುರ್ಚಿ, ಈ ಮೂರು ಸದ್ದುಗಳೇ ಕೆಲಸ ಮಾಡುತ್ತವೆ. ಮೂರು ವಾಕ್ಯಗಳನ್ನು ಒಂದೇ ವೇಗದಲ್ಲಿ, ಯಾವ ಭಾವವನ್ನೂ ಬೆರೆಸದೆ ಓದಿ. ನಿಜವಾಗಿಯೂ ಬಾಗಿಲು ಬಡಿಯುವುದು, ಸರಪಳಿ ಕುಲುಕುವುದು ಮುಂತಾದ ಆಟಗಳನ್ನು ದಯವಿಟ್ಟು ಮಾಡಬೇಡಿ. ಕೇಳುವವರ ಬೆನ್ನ ಹಿಂದಿರುವ ಹೆಬ್ಬಾಗಿಲು ತನ್ನ ಪಾಲಿನ ಕೆಲಸವನ್ನು ಸುಮ್ಮನಿದ್ದೇ ಮಾಡುತ್ತದೆ.

ಒಂದು ಎಚ್ಚರಿಕೆ. ಇದು ಮಗನನ್ನು ಕಳೆದುಕೊಂಡ ತಂದೆತಾಯಿಯರ ಕಥೆ. ಕೂಟದಲ್ಲಿರುವವರ ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದ್ದರೆ ಇದನ್ನು ಆರಿಸಬೇಡಿ, ಬೇರೆ ಕಥೆಗಳು ಬೇಕಾದಷ್ಟಿವೆ. ತೀರ ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ಓದು ಮುಗಿದ ಕೂಡಲೇ ದೀಪ ಹಾಕಿ ಚರ್ಚೆಗಿಳಿಯದೆ ಸ್ವಲ್ಪ ಹೊತ್ತು ಬಿಡಿ; ಆಮೇಲೆ, ನಿಮಗೆ ಮೊದಲು ಭಯವಾದದ್ದು ಎಲ್ಲಿ ಎಂಬ ಒಂದೇ ಪ್ರಶ್ನೆಯಿಂದ ಮಾತು ಆರಂಭಿಸಿ. ಬಂದವರು ಆ ರಾತ್ರಿ ಅಲ್ಲೇ ಉಳಿಯುವ ವ್ಯವಸ್ಥೆ ಇರಲಿ. ಹಳ್ಳ ತುಂಬಿರುವ, ಮರ ಬೀಳುವ ರಾತ್ರಿಯಲ್ಲಿ ಯಾರನ್ನೂ ಬೈಕಿನಲ್ಲಿ ಕಳುಹಿಸಬಾರದು.

ಊರಿನ ಕಥೆಗಳನ್ನು ಕೇಳಿ ಬರೆದುಕೊಳ್ಳುವಾಗ

ಕೂಟ ನಡೆಯಲು ತೊಡಗಿದ ಮೇಲೆ ಹಿರಿಯರು ತಾವಾಗಿಯೇ ತಮ್ಮ ಕಥೆಗಳನ್ನು ತೆರೆಯುತ್ತಾರೆ: ಗದ್ದೆಯಂಚಿನಲ್ಲಿ ಕಂಡ ಕೊಳ್ಳಿದೆವ್ವ, ಹಾಡ್ಯದ ದಾರಿಯಲ್ಲಿ ಹೆಸರು ಹಿಡಿದು ಕರೆದ ದನಿ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ದಿನಗಳು. ಇವುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯ ಕೆಲಸ. ಕೇಳುವಾಗ ಅಡ್ಡಮಾತು ಹಾಕದೆ, ಮುಗಿದ ಮೇಲೆ, “ಇದನ್ನು ನೀವೇ ಕಂಡಿದ್ದಾ ಅಜ್ಜಿ, ಇಲ್ಲಾ ಯಾರಾದ್ರೂ ಹೇಳಿದ್ದಾ?” ಎಂದು ಕೇಳಿ, ಉತ್ತರವನ್ನು ಕಥೆಯ ಕೆಳಗೆ ನಮೂದಿಸಿ. ಅವರ ಮಾತಿನ ಧಾಟಿಯನ್ನು ಗ್ರಂಥಭಾಷೆಗೆ ತಿದ್ದಬೇಡಿ.

ಇಲ್ಲಿ ಪಾಲಿಸಲೇಬೇಕಾದ ಎರಡು ನಿಯಮಗಳಿವೆ. ಚೌಡಿ, ಭೂತಪ್ಪ, ಪಂಜುರ್ಲಿ, ನಾಗ ಇವು ಆರಾಧನೆ ಪಡೆಯುವ ಶಕ್ತಿಗಳು. ವರ್ಷಕ್ಕೊಮ್ಮೆ ಪೂಜೆ, ಹರಕೆ ಸಲ್ಲುವ ಬನವನ್ನು ದೆವ್ವದ ತಾಣವೆಂದು ಬರೆಯುವುದು ಅಜ್ಞಾನವೂ ಹೌದು, ಅವಮಾನವೂ ಹೌದು. ದೇವರ ಕಾಡಿನ ಬಗೆಗಿನ ಭಯದಲ್ಲಿ ಭಕ್ತಿಯೂ ಸೇರಿದೆ, ಆ ಭಯವೇ ಎಷ್ಟೋ ಬನಗಳ ಮರಗಳನ್ನು ಕೊಡಲಿಯಿಂದ ಉಳಿಸಿದೆ. ಎರಡನೆಯದಾಗಿ, ಯಾವ ಮನೆಯ, ಯಾವ ವ್ಯಕ್ತಿಯ ಗುರುತೂ ಸಿಗದಂತೆ ಬರೆಯಬೇಕು. ಒಂದು ಮನೆಗೆ ದೆವ್ವದ ಮನೆಯೆಂಬ ಹೆಸರು ಬಂದರೆ ಅದರ ಹೆಣ್ಣುಮಕ್ಕಳ ಮದುವೆಗೂ ತೊಡಕಾಗುತ್ತದೆ; ಒಬ್ಬ ಹೆಂಗಸಿಗೆ ಮಾಟಗಾತಿಯೆಂಬ ಪಟ್ಟ ಕಟ್ಟಿದರೆ ಅವಳ ಬದುಕೇ ನಾಶವಾಗುತ್ತದೆ. ಗಾಥಿಕ್ ಸಾಹಿತ್ಯ ಸದಾ ನಿಂತಿರುವುದು ಯಾರೂ ನಂಬದ ಆ ಹೆಣ್ಣಿನ ಪರವಾಗಿ. ಅದರ ಅಭಿಮಾನಿಗಳು ಅವಳ ಎದುರು ಪಕ್ಷ ಸೇರಬಾರದು.

ಕಾರಣ ತಿಳಿದ ಮಾತ್ರಕ್ಕೆ ಕಥೆ ಬಡವಾಗುವುದಿಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಹಸಿರಾಗಿ ಬೆಳಗುವ ಶಿಲೀಂಧ್ರಗಳಿವೆ. ಇದನ್ನು ತಿಳಿದವರೂ ಇರುಳಿನಲ್ಲಿ ಮೊದಲ ಸಲ ಕಂಡಾಗ ಹೆಜ್ಜೆ ತಡೆಯುತ್ತಾರೆ. ರ‍್ಯಾಡ್‌ಕ್ಲಿಫ್ ತನ್ನ ಹೆಚ್ಚಿನ ಕಾದಂಬರಿಗಳ ಕೊನೆಯಲ್ಲಿ ನಿಗೂಢಗಳಿಗೆ ಲೌಕಿಕ ಕಾರಣ ಕೊಡುತ್ತಿದ್ದಳು, ಆದರೂ ಓದುಗರು ಭಯಪಟ್ಟರು.

ನೋಡಬೇಕಾದ ಜಾಗಗಳು

ಕೋಟೆಗಳನ್ನು ಮಳೆ ಕಡಿಮೆಯಾದ ಮೇಲೆ, ಹಗಲಿನಲ್ಲಿ ನೋಡಿ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿ ಒಂದಾದ ಮೇಲೊಂದು ಬಾಗಿಲನ್ನು ದಾಟಿ ಮೇಲೇರಿದರೆ ಅರಮನೆಯ ಅಡಿಪಾಯ, ಕಲ್ಲಿನ ಒಲೆ, ನೀರಿನ ಕೊಳ ಸಿಗುತ್ತವೆ. ಗೋಡೆಗಳು ಹೋಗಿ ಅಡುಗೆಮನೆ ಉಳಿದಿರುವ ಆ ದೃಶ್ಯದ ಮುಂದೆ ತುಸು ಹೊತ್ತು ಕುಳಿತುಕೊಳ್ಳಿ. ಹಾಸುಗಲ್ಲುಗಳು ಪಾಚಿಯಿಂದ ಜಾರುತ್ತವೆ, ಇಂಬಳಗಳೂ ಇರುತ್ತವೆ, ಆದ್ದರಿಂದ ಹಿಡಿತವಿರುವ ಬೂಟು ಮತ್ತು ಉಪ್ಪಿನ ಪೊಟ್ಟಣ ಜೊತೆಗಿರಲಿ. ಕತ್ತಲಾದ ಮೇಲೆ ಉಳಿಯುವ ಸಾಹಸ ಬೇಡ. ನಗರದ ಕೋಟೆಯನ್ನು ಅದೇ ಪ್ರವಾಸದಲ್ಲಿ ಸೇರಿಸಿಕೊಳ್ಳಬಹುದು. ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯವಿದೆ.

ಊರೂರಿನಲ್ಲಿ ಸಿಗುವ ಮಾಸ್ತಿಕಲ್ಲುಗಳನ್ನು ಹತ್ತಿರದಿಂದ ನೋಡಿ. ಕಂಬವೊಂದರಿಂದ ಚಾಚಿ ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ಕೈ, ಆ ಕೈಯಲ್ಲಿ ಬಳೆಗಳು. ಬಹಳಷ್ಟು ಕಲ್ಲುಗಳಲ್ಲಿ ಆ ಹೆಂಗಸಿನ ಗುರುತಾಗಿ ಎದ್ದು ಕಾಣುವುದು ಅದೊಂದೇ. ಬಳೆ ಒಡೆಯದ ಕೈ ಎಂಬುದು ಆ ಕಾಲದವರಿಗೆ ಗೌರವದ ಚಿಹ್ನೆಯಾಗಿತ್ತು. ಇಂದು ನೋಡುವವರಿಗೆ, ಗಂಡನ ಚಿತೆಯೇರಿದ ಒಬ್ಬಳ ಉಳಿದಿರುವ ಏಕೈಕ ಮಾತು ಆ ಕೈ.

ಶರಾವತಿಯ ಹಿನ್ನೀರನ್ನು ಬೇರೆಯದೇ ಮನಸ್ಸಿನಿಂದ ನೋಡಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರುಗಳು, ಗದ್ದೆಗಳು, ಮನೆಗಳು ನೀರಿನಡಿ ಸೇರಿದವು; ಅದಕ್ಕೂ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟು ಸಹ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣಿಸಿಕೊಳ್ಳುತ್ತದೆ. ಮುಳುಗಿದ ಮನೆ, ಮತ್ತೆ ಮೇಲೇಳುವ ಗೋಡೆ, ಇದಕ್ಕಿಂತ ಗಾಥಿಕ್ ಆದ ಜಾಗವನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಾಣೆ. ಆದರೆ ಅಲ್ಲಿ ಮನೆ ಕಳೆದುಕೊಂಡವರ ಕುಟುಂಬಗಳು ಇಂದಿಗೂ ನಮ್ಮ ನಡುವೆ ಇವೆ. ಅಲ್ಲಿಗೆ ಹೋಗುವ ಮೊದಲು ಅವರಲ್ಲಿ ಒಬ್ಬರ ಮಾತನ್ನಾದರೂ ಕೇಳಿ ಹೋಗಿ.

ಕಪ್ಪು ಉಡುಪು, ಸಂಗೀತ

ಗಾಥ್ ಎಂದು ಕರೆಯುವ ಉಡುಪು ಮತ್ತು ಸಂಗೀತದ ಸಂಸ್ಕೃತಿ 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಪಂಕ್ ಸಂಗೀತದ ಬೆನ್ನಲ್ಲೇ ಹುಟ್ಟಿದ್ದು. ಅದರ ಹೆಸರಾಂತ ತಾಣವಾದ ಲಂಡನ್ನಿನ ಬ್ಯಾಟ್‌ಕೇವ್ ಕ್ಲಬ್ 1982ರಲ್ಲಿ ತೆರೆಯಿತು. ಡ್ರಾಕುಲಾ ಇಂಗ್ಲೆಂಡಿನ ನೆಲಕ್ಕೆ ಕಾಲಿಡುವ ವಿಟ್ಬಿ ಪಟ್ಟಣದಲ್ಲಿ 1990ರ ದಶಕದಿಂದ ಅಭಿಮಾನಿಗಳ ಉತ್ಸವ ನಡೆಯುತ್ತಿದೆ. ಈ ಉಡುಪನ್ನು ಇಷ್ಟಪಡುವ ನಮ್ಮ ಯುವಜನರು ಅದನ್ನು ಅನ್ಯವೆಂದು ಭಾವಿಸಿ ಸಂಕೋಚಪಡಬೇಕಾಗಿಲ್ಲ. ಭಯಾನಕ ರಸಕ್ಕೆ ಭರತ ಹೇಳಿದ ಬಣ್ಣವೂ ಕಪ್ಪೇ. ಶುಭಕಾರ್ಯದ ಮನೆಗೆ ಕಪ್ಪು ಉಟ್ಟು ಹೋಗಿ ಹಿರಿಯರ ಮನಸ್ಸು ನೋಯಿಸಬಾರದು ಎಂಬುದಷ್ಟೇ ಗಮನದಲ್ಲಿರಲಿ. ಇಲ್ಲಿನ ಹವೆಗೆ ಚರ್ಮದ ಜಾಕೆಟ್ಟು, ಬೂಟುಗಳು ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತವೆ. ಕಪ್ಪು ಹತ್ತಿಯ ಬಟ್ಟೆ, ಅಜ್ಜಿಯ ಕಾಲದ ಬೆಳ್ಳಿಯ ಒಡವೆ ಹೆಚ್ಚು ಬಾಳಿಕೆ ಬರುತ್ತವೆ, ಚೆನ್ನಾಗಿಯೂ ಒಪ್ಪುತ್ತವೆ.

ಸ್ವಂತ ಕಥೆ ಬರೆಯುವವರಿಗೆ

ಒಂದು ಮಳೆಗಾಲ ಹೀಗೆ ಓದಿದವರಿಗೆ ಬರೆಯುವ ಆಸೆ ಮೂಡಿಯೇ ಮೂಡುತ್ತದೆ. ದೆವ್ವದಿಂದ ಆರಂಭಿಸಬೇಡಿ. ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆಯಿರಿ: ಹೆಬ್ಬಾಗಿಲು, ಜಗಲಿ, ತೊಟ್ಟಿ, ನಡುಮನೆ, ಅಟ್ಟದ ಏಣಿ, ಬಚ್ಚಲು, ಕೊಟ್ಟಿಗೆ. ಯಾವ ಬಾಗಿಲನ್ನು ಈಗ ಬಳಸುವುದಿಲ್ಲ, ಯಾವಾಗಿನಿಂದ, ಯಾರ ಮಾತಿನ ಮೇರೆಗೆ ಎಂಬುದನ್ನು ನಿರ್ಧರಿಸಿ. ಆ ಮನೆಯಲ್ಲಿ ಅನ್ಯಾಯವಾದದ್ದು ಯಾರಿಗೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ಪಕ್ಕಕ್ಕಿಡಿ; ಆ ವಾಕ್ಯ ಕಥೆಯೊಳಗೆ ಎಲ್ಲಿಯೂ ಬರಕೂಡದು, ಆದರೆ ಪ್ರತಿಯೊಂದು ಪುಟವೂ ಅದನ್ನು ಬಲ್ಲದಾಗಿರಬೇಕು. ಮೊದಲ ಕರಡು ಮೂರು ಸಾವಿರ ಪದಗಳನ್ನು ಮೀರದಿರಲಿ. ಅದನ್ನು ನಿಮ್ಮ ಓದುಕೂಟದಲ್ಲೇ ಓದಿ, ನಿಮ್ಮ ಹೆಸರನ್ನು ಹೇಳದೆ ಓದಿ, ಕೇಳುವವರು ಎಲ್ಲಿ ಮೈ ಸಡಿಲಿಸಿ ಗೋಡೆಗೆ ಒರಗಿದರೆಂಬುದನ್ನು ಗಮನಿಸಿ. ಅವರು ಒರಗಿದ ಕಡೆಯಲ್ಲೆಲ್ಲ ನೀವು ವಿವರಣೆ ಕೊಟ್ಟಿರುತ್ತೀರಿ. ಆ ವಾಕ್ಯಗಳನ್ನು ತೆಗೆದುಹಾಕಿ ಮುಂದಿನ ವಾರ ಮತ್ತೆ ಓದಿ.